ಕೋಳಿಮರಿಗಳ ಲಾರಿ

ಹದಿನಾಲ್ಕನೇ ತಾರೀಖು, ಭಾನುವಾರ
ಮಧ್ಯಾಹ್ನ, ಊಟವಾದ ಮೇಲೆ

ನನ್ನ ಮೇಲೆ ಮುನಿಸಿಕೊಂಡು ಕೂತಿರುವ, ಆದರೂ ನನಗೆ ಬೇಕೇ ಬೇಕಾದ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ನೀವು ಅದನ್ನು ನಾದಿನಿಯ ಕೈಗೆ ದಾಟಿಸಿಬಿಡುತ್ತೀರಿ. ಅವಳು ಪಾಪ, "ಅಮ್ಮ ಸ್ನಾನಕ್ಕೆ ಹೋಗಿದಾರೆ ಅತ್ತಿಗೆ" ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಇಷ್ಟು ಸಲ ಮಿಂದರೆ ನಿಮಗೆ ಶೀತವಾದೀತು ಎಂದು ಹೆದರಿ ಕಾಗದ ಬರೆಯಲು ಕೂತಿದ್ದೇನೆ. ಇದನ್ನು ನೀವು ಹರಿದು ಹಾಕಬಹುದು, ಆದರೆ ಓದದೆ ಹರಿಯುವುದಿಲ್ಲ. ಸಾಮಾನು ಕಟ್ಟಿ ತಂದ ಹಳೇ ಪೇಪರನ್ನೂ ಬಿಡಿಸಿ, ಎರಡೂ ಮಗ್ಗುಲು ಓದಿ ಮಡಚಿಡುವವರು ನೀವು.

ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಬರೆಯಲು ಆಗುತ್ತಿಲ್ಲ. ನನಗೆ ಕೆಲಸ ಸಿಕ್ಕಿತು ಅತ್ತೆ. ಲಾರಿ ಡ್ರೈವರ್ ಕೆಲಸ. ಈಗ ಒಬ್ಬಳೇ ಹೋಗಿ ಬರುತ್ತಿದ್ದೇನೆ. ಕೈಕಾಲು ಗಟ್ಟಿಯಾಗಿವೆ, ಲಾರಿಯೂ ಗಟ್ಟಿಯಾಗಿದೆ.

ನೀವು ಇಲ್ಲಿಂದ ಹೊರಡುವ ಹಿಂದಿನ ದಿನ ಊಟದ ತಟ್ಟೆಯ ಮುಂದೆ ನಡೆದ ಮಾತನ್ನು ಮರೆತಿಲ್ಲ. "ಸೊಸೆ ಲಾರಿ ಹತ್ತಿದ್ಲು ಅಂದ್ರೆ ಮನೆ ಬೀದಿಗೆ ಬಂತು ಅಂತಲೇ ಲೆಕ್ಕ" ಎಂದಿರಿ. ನಾನು ಬಾಯಿ ಸುಮ್ಮನಿರಲಾರದೆ, "ಬೀದಿಗೆ ಬಂದ್ರೇನೇ ಅಲ್ವಾ ಅತ್ತೆ ಲಾರಿ ಓಡೋದು" ಎಂದೆ. ಇವರಿಗೆ ನಗು ಬಂತು. ನನ್ನ ಮಾತಿಗಿಂತ ನಿಮ್ಮ ಮಗ ನಕ್ಕದ್ದೇ ನಿಮಗೆ ಹೆಚ್ಚು ಚುಚ್ಚಿತು ಎಂದು ನನ್ನ ಎಣಿಕೆ. ಮರುದಿನವೇ ನೀವು ಚೀಲ ತುಂಬಿಸಿ ಮಗಳ ಮನೆಗೆ ಹೊರಟಿರಿ. ಬಸ್ಸು ಹತ್ತಿಸಲು ಬಂದ ಇವರಿಗೆ ಬಸ್ಸಿನ ಹೊಗೆಯ ವಾಸನೆಗೇ ತಲೆ ಸುತ್ತಿತಂತೆ. ಹೆತ್ತ ತಾಯಿ ನೀವು, ನಿಮಗೆ ಗೊತ್ತಲ್ಲ. ಚಕ್ರ ಇರುವ ಯಾವುದರ ಮೇಲೆ ಕೂರಿಸಿದರೂ ಅವರ ಹೊಟ್ಟೆ ತೊಳೆಸುತ್ತದೆ. ಇಂಥವರಿಗೆ ಗಂಟು ಬಿದ್ದ ಹೆಂಡತಿಗೆ ಚಕ್ರದ ಹುಚ್ಚು.

ಆ ಹುಚ್ಚು ಎಲ್ಲಿಂದ ಬಂತು ಎಂದು ನೀವು ಕೇಳಿದ್ದಿರಿ. ಅಂದು ನನಗೆ ಹೇಳಲು ತಿಳಿಯಲಿಲ್ಲ. ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಟೇಪು ಅಂಟಿಸುತ್ತ ನಾನು ನಿಂತಿದ್ದ ಜಾಗದ ಎದುರಿಗೇ ಶಟರ್ ಇತ್ತು. ಅದು ಮೇಲೆದ್ದರೆ ಹೊರಗಿನ ಬೆಳಕು, ಆಮೇಲೆ ಹಿಂದು ಹಿಂದಕ್ಕೆ ಬಂದು ನಿಲ್ಲುವ ಲಾರಿಯ ಬೆನ್ನು. ನಾವು ತುಂಬುತ್ತಿದ್ದೆವು, ಅದು ಹೋಗುತ್ತಿತ್ತು, ಶಟರ್ ಇಳಿಯುತ್ತಿತ್ತು. ನಾನು ಮಾತ್ರ ನಿಂತಲ್ಲೇ. ಡಬ್ಬಿಗಿರುವ ಯೋಗ ನನಗಿಲ್ಲವಲ್ಲ ಎಂದು ಅನ್ನಿಸುತ್ತಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೂ ಇಲ್ಲ.

ಇನ್ನು ಡ್ರೈವಿಂಗ್ ಶಾಲೆಯ ಕಥೆ ಕೇಳಿ. ಊರಾಚೆಯ ಒಂದು ಬಯಲು, ಸುತ್ತ ತಂತಿ ಬೇಲಿ, ಮೂಲೆಯಲ್ಲಿ ತಗಡಿನ ಕೋಣೆ. ಕಲಿಸುವವರು ನರೆತ ಮೀಸೆಯ ಒಬ್ಬ ಮೇಷ್ಟ್ರು. ಮಾತೆತ್ತಿದರೆ "ಕನ್ನಡಿ ನೋಡು, ಕನ್ನಡಿ ನೋಡು" ಎನ್ನುವುದರಿಂದ ಎಲ್ಲರೂ ಕನ್ನಡಿ ಮೇಷ್ಟ್ರು ಎಂದೇ ಕರೆಯುತ್ತಾರೆ. ಕಲಿಯುವ ಲಾರಿಗೆ 'ಅಜ್ಜಿ' ಎಂದು ಹೆಸರು. ಮಹಾ ಹಠಮಾರಿ. ಗದರಿಸಿದರೆ ಗೇರು ಬೀಳುವುದಿಲ್ಲ, ಪುಸಲಾಯಿಸಬೇಕು. ಒಮ್ಮೆ ಒಲಿದರೆ ಮಾತ್ರ ಎಂಥ ದಿಬ್ಬವನ್ನಾದರೂ ಗೊಣಗಿಕೊಂಡೇ ಹತ್ತಿಬಿಡುತ್ತದೆ. ನನಗೆ ಯಾರ ನೆನಪಾಯಿತು ಎಂದು ಬರೆಯುವುದಿಲ್ಲ.

ಮೊದಲ ದಿನ ಸೀಟಿನಲ್ಲಿ ಕೂತರೆ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಎಟುಕಿಸಲು ಮುಂದೆ ಜಾರಿದರೆ ರಸ್ತೆ ಕಾಣಲಿಲ್ಲ. ಜೊತೆಗೆ ಕಲಿಯುತ್ತಿದ್ದ ಹುಡುಗರು, "ಅಕ್ಕ, ಲಾರಿ ತಾನಾಗೇ ಹೋಗ್ತಿದೆ ಅಂದ್ಕೊಂಡು ಜನ ಹೆದರ್ತಾರೆ" ಎಂದು ನಕ್ಕರು. ಮನೆಗೆ ಬಂದು ಇವರ ಹತ್ತಿರ ಹೇಳಿ ನಾನೂ ನಕ್ಕೆ, ನಗುತ್ತ ನಗುತ್ತ ಸ್ವಲ್ಪ ಅತ್ತೆ. (ಇದು ನೀವಲ್ಲ, ಅಳುವ ಅತ್ತೆ.) ಇವರು ಹೊಲಿಗೆ ಮಷೀನಿನಿಂದ ಎದ್ದು ಅಳತೆ ಪಟ್ಟಿ ತಂದು ನನ್ನ ಬೆನ್ನು, ತೊಡೆ, ಮೊಣಕಾಲು ಅಳೆದರು. ಮದುವೆಯಾದ ಹೊಸದರಲ್ಲಿ ರವಿಕೆಗೆ ಅಳೆದದ್ದು ಬಿಟ್ಟರೆ ಇದೇ. ಮರುದಿನ ಬೆನ್ನಿಗೊಂದು, ಕೆಳಗೊಂದು ಮೆತ್ತೆ ಹೊಲಿದು ಕೊಟ್ಟರು. ಮೂಲೆಗಳಿಗೆ ಎರಡೆರಡು ಹೊಲಿಗೆ, ನೀವು ಕಲಿಸಿದ ಹಾಗೆ. ಮೆತ್ತೆಯ ಮೇಲೆ ಕೂತು ಮೊದಲ ಸಲ ಅಜ್ಜಿಯನ್ನು ಬಯಲಿನ ಸುತ್ತ ಒಂದು ಸುತ್ತು ತಂದಾಗ ಎದೆ ಹೇಗೆ ಹೊಡೆದುಕೊಂಡಿತೆಂದರೆ, ಎಂಜಿನ್ ಸದ್ದು ಯಾವುದು ನನ್ನದು ಯಾವುದು ತಿಳಿಯಲಿಲ್ಲ.

ಮುಂದಕ್ಕೆ ಓಡಿಸುವುದು ಬೇಗ ಬಂತು. ರಿವರ್ಸ್ ಮಾತ್ರ ಕೈಗೆ ಹತ್ತಲಿಲ್ಲ. ಎರಡು ಸಾಲು ಡ್ರಮ್ಮುಗಳ ನಡುವೆ ಹಿಂದಕ್ಕೆ ತರಬೇಕು, ಎಡ ಕನ್ನಡಿ ನೋಡಿದರೆ ಬಲಗಡೆಯದು ಬಡಿಯುತ್ತದೆ, ಬಲಗಡೆ ನೋಡಿದರೆ ಎಡಗಡೆಯದು. ಲೈಸೆನ್ಸ್ ಪರೀಕ್ಷೆಯ ದಿನವೂ ಅದೇ ಆಯಿತು. ಕೊನೆಯ ಡ್ರಮ್ಮು ಉರುಳಿ, ಪರೀಕ್ಷೆ ಮಾಡುವ ಸಾಹೇಬರ ಕಾಲ ಬಳಿಯೇ ಹೋಗಿ ನಿಂತಿತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ತಲೆ ಅಲ್ಲಾಡಿಸಿದರು. ಫೇಲು.

ಕನ್ನಡಿ ಮೇಷ್ಟ್ರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಟೀ ಲೋಟ ಕೈಗೆ ಕೊಟ್ಟು, "ಬಡಿದದ್ದು ತಪ್ಪಲ್ಲಮ್ಮ. ಬಡಿಯುತ್ತೇನೋ ಅಂತ ಅನುಮಾನ ಬಂದ ಮೇಲೂ ನಿಲ್ಲಿಸ್ದೇ ಇದ್ದದ್ದು ತಪ್ಪು. ಅನುಮಾನ ಬಂತಾ, ನಿಲ್ಸು. ಇಳಿ. ನೋಡು. ಇಳಿದು ನೋಡಿದ್ರೆ ಯಾರ ಮರ್ಯಾದೆನೂ ಹೋಗಲ್ಲ" ಎಂದರು. ನಾನು ಇಳಿಯದೆ ಇದ್ದದ್ದು ನಿಜವಾಗಿಯೂ ಮರ್ಯಾದೆಗೆ ಅಂಜಿಯೇ. ಬೇಲಿಯಾಚೆ ಜನ ನಿಂತು ನೋಡುತ್ತಿದ್ದರು. ಹೆಂಗಸು, ಅದರಲ್ಲೂ ಗಿಡ್ಡಿ, ಹತ್ತಿ ಇಳಿದು ಮಾಡುವುದನ್ನು ನೋಡಿ ನಗಬಾರದು ಎಂದು.

ಆಮೇಲೆ ಮನೆಯಲ್ಲಿ ನಿಮ್ಮ ಮೊಮ್ಮಗಳೇ ನನಗೆ ಮೇಷ್ಟ್ರಾದಳು. ನಡುಮನೆಯಲ್ಲಿ ಚಪ್ಪಲಿಗಳನ್ನು ಎರಡು ಸಾಲಾಗಿ ಜೋಡಿಸಿ, ಅಪ್ಪ ಹೊಲಿಯುವ ಬಟ್ಟೆ ಪೇರಿಸಿಡುವ ಗಾಲಿ ಸ್ಟೂಲನ್ನು ನನ್ನಿಂದ ಹಿಂದು ಹಿಂದಕ್ಕೆ ಎಳೆಸುತ್ತಿದ್ದಳು. ಕೈಯಲ್ಲಿ ಅಡುಗೆಮನೆಯ ಸೌಟು. "ಬರ್ಲಿ, ಬರ್ಲಿ, ಬರ್ಲಿ... ಅಮ್ಮ, ನಿಲ್ಸು ಅಂದ್ರೆ ನಿಲ್ಸಬೇಕು" ಎಂದು ಗದರಿಸುತ್ತಿದ್ದಳು. ದನಿಯೆಲ್ಲ ನಿಮ್ಮದೇ. ಎರಡನೇ ಸಲ ಪರೀಕ್ಷೆಗೆ ಹೋದಾಗ ನಾನು ನಡುವೆ ನಿಲ್ಲಿಸಿ, ಎಲ್ಲರೆದುರು ಕೆಳಗಿಳಿದು, ಹಿಂದೆ ಹೋಗಿ ನೋಡಿ, ಮತ್ತೆ ಹತ್ತಿ, ಒಂದು ಡ್ರಮ್ಮನ್ನೂ ಮುಟ್ಟದೆ ತಂದು ನಿಲ್ಲಿಸಿದೆ. ಪಾಸಾದೆ. ಬೀದಿಯ ತುದಿಯಿಂದಲೇ ಓಡಿ ಬಂದೆ. ನಮ್ಮ ಮಹಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದಿದ್ದರು.

ಲೈಸೆನ್ಸ್ ಬಂದರೆ ಕೆಲಸ ಬಂತು ಎಂದುಕೊಂಡವಳಿಗೆ ಅಲ್ಲಿಂದಾಚೆ ಬೇರೆಯದೇ ಪಾಠ. ಒಂದೊಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೂ ಒಂದೇ ಮಾತು: "ಅನುಭವ ಇದೆಯಾ? ಇಲ್ವಾ? ಅನುಭವ ತಗೊಂಡು ಬಾಮ್ಮ." ಕೆಲಸ ಕೊಡದೆ ಅನುಭವ ಯಾವ ಅಂಗಡಿಯಲ್ಲಿ ಸಿಗುತ್ತದೆ? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂದು ನೀವು ಹೇಳುತ್ತಿದ್ದ ಗಾದೆ ಆಗ ಅರ್ಥವಾಯಿತು. ಒಬ್ಬರಂತೂ ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಡ್ರೈವರ್ ಎಲ್ಲಿ?" ಎಂದು ಕೇಳಿದರು.

ಕೊನೆಗೆ ಮೇಷ್ಟ್ರೇ ಒಂದು ವಿಳಾಸ ಕೊಟ್ಟರು. ಅದು ಹ್ಯಾಚರಿ, ಅಂದರೆ ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡುವ ಜಾಗ. ರಾತ್ರಿ ಮೊಟ್ಟೆಯೊಡೆದ ಮರಿಗಳನ್ನು ತೂತಿನ ಪೆಟ್ಟಿಗೆಗಳಲ್ಲಿ ತುಂಬಿ, ದೂರದೂರದ ಕೋಳಿ ಫಾರಮ್ಮುಗಳಿಗೆ ಮುಟ್ಟಿಸಬೇಕು. ಅಲ್ಲಿನ ಮ್ಯಾನೇಜರಮ್ಮ ರಬ್ಬರ್ ಬೂಟು ಹಾಕಿಕೊಂಡು ನೀರು ಹಾಯಿಸುತ್ತ ನಿಂತಿದ್ದರು. ಅನುಭವದ ಮಾತೇ ಎತ್ತಲಿಲ್ಲ. "ಜೋರಾಗಿ ಬ್ರೇಕ್ ಹಾಕಿದ್ರೆ ಮರಿಗಳು ಒಂದರ ಮೇಲೊಂದು ಬಿದ್ದು ಸಾಯ್ತವೆ. ಬಿಸಿಲಲ್ಲಿ ನಿಲ್ಸಿದ್ರೆ ಬೆಂದು ಸಾಯ್ತವೆ. ನಿನ್ನ ಹಿಂದೆ ಇರೋದು ಇಟ್ಟಿಗೆ ಅಲ್ಲ. ನಾಳೆ ನಮ್ಮ ಹಳೇ ಡ್ರೈವರ್ ಜೊತೆ ಒಂದು ಟ್ರಿಪ್ ಹೋಗಿ ಬಾ. ಅವನು ಹೂಂ ಅಂದ್ರೆ ಕೆಲಸ" ಎಂದರು.

ಆ ಹಳೇ ಡ್ರೈವರನ್ನು ಎಲ್ಲರೂ ಮೌನಿ ಎನ್ನುತ್ತಾರೆ. ಹೆಸರಿಗೆ ತಕ್ಕ ಮನುಷ್ಯ. ಪಕ್ಕದಲ್ಲಿ ಕೂತರು, ಕೈಕಟ್ಟಿದರು, ರಸ್ತೆ ನೋಡಿದರು. ಹಿಂದೆ ಸಾವಿರಾರು ಮರಿಗಳ ಚಿಲಿಪಿಲಿ. ನಮ್ಮಿಬ್ಬರ ನಡುವೆ ಒಂದು ಮಾತಿಲ್ಲ. ಆದರೂ ಅತ್ತೆ, ಎಂಥ ಖುಷಿ ಗೊತ್ತಾ? ಅಷ್ಟು ಎತ್ತರದಲ್ಲಿ ಕೂತರೆ ಎಲ್ಲರ ಕಾಂಪೌಂಡಿನ ಒಳಗೂ ಕಾಣುತ್ತದೆ. ಯಾರು ಒಗೆದ ಬಟ್ಟೆ ಸರಿಯಾಗಿ ಹಿಂಡಿಲ್ಲ, ಯಾರ ಮನೆ ಗಂಡಸರು ಅಂಗಳ ಗುಡಿಸುತ್ತಿದ್ದಾರೆ, ಎಲ್ಲ. ನೀವಿದ್ದಿದ್ದರೆ ದಾರಿಯುದ್ದಕ್ಕೂ ವ್ಯಾಖ್ಯಾನ ಮಾಡುತ್ತಿದ್ದಿರಿ.

ಅರ್ಧ ದಾರಿ ದಾಟಿದ ಮೇಲೆ, ಒಂದು ಕಿರಿದಾದ ರಸ್ತೆಯಲ್ಲಿ, ಮುಂದಿನ ವಾಹನಗಳೆಲ್ಲ ನಿಂತವು. ಸೇತುವೆಯ ಮೇಲೆ ಮರದ ದಿಮ್ಮಿಗಳ ಟ್ರ್ಯಾಕ್ಟರ್ ಮಗುಚಿತ್ತು. ನಾವೂ ನಿಂತೆವು. ಚುರುಗುಟ್ಟುವ ಬಿಸಿಲು, ಒಂದು ಎಲೆಯ ನೆರಳಿಲ್ಲ. ಮರಿಗಳಿಗೆ ಗಾಳಿ ಬೀಸುವ ಫ್ಯಾನುಗಳಿವೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಅಷ್ಟರಲ್ಲಿ ಹಿಂದಿನ ಗುಂಯ್ ಎನ್ನುವ ಸದ್ದು ನಿಂತಿತು. ಮೌನಿ ಮೊದಲ ಸಲ ಬಾಯಿ ಬಿಟ್ಟರು. "ಫ್ಯಾನ್ ಹೋಯ್ತು" ಎಂದರು.

ಇಬ್ಬರೂ ಇಳಿದು ನೋಡಿದೆವು, ತಂತಿ ಅಲ್ಲಾಡಿಸಿದೆವು, ಅದು ಜಪ್ಪಯ್ಯ ಎನ್ನಲಿಲ್ಲ. ಪಕ್ಕದ ಪರದೆಗಳನ್ನೆಲ್ಲ ಎತ್ತಿ ಕಟ್ಟಿದೆವು. ಆದರೆ ಗಾಳಿಯೇ ಆಡದಿದ್ದರೆ ಪರದೆ ಎತ್ತಿ ಏನು ಪ್ರಯೋಜನ? ಒಂದು ಪೆಟ್ಟಿಗೆಯ ಮುಚ್ಚಳ ತೆಗೆದೆ. ಮರಿಗಳು ರೆಕ್ಕೆ ಅಗಲಿಸಿ ಬಾಯಿ ತೆರೆದುಕೊಂಡು ತೇಕುತ್ತಿದ್ದವು. ಚಿಲಿಪಿಲಿ ಕಡಿಮೆಯಾಗುತ್ತ ಬಂದದ್ದು ಕಿವಿಗೆ ತಿಳಿಯುತ್ತಿತ್ತು. ಅದನ್ನು ನನಗೆ ಸಹಿಸಲಾಗಲಿಲ್ಲ.

ಹಿಂದೆ ಒಂದು ಮಣ್ಣಿನ ಅಡ್ಡರಸ್ತೆ ದಾಟಿ ಬಂದದ್ದು ಕನ್ನಡಿಯಲ್ಲಿ ನೋಡಿದ್ದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಮೌನಿಯನ್ನು ಕೇಳಿದೆ. ಸುತ್ತು ದಾರಿ, ಆದರೆ ಫಾರಮ್ಮಿಗೇ ಹೋಗುತ್ತೆ ಎಂದರು. ಓಡಿದರೆ ಗಾಳಿ ಬರುತ್ತದೆ. ಆದರೆ ಅಲ್ಲಿಯವರೆಗೆ ಹಿಂದಕ್ಕೇ ಹೋಗಬೇಕು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಲ್ಲಿನ ಗೋಡೆ, ಹಿಂದೆ ಒಂದು ಬಸ್ಸು, ಎರಡು ಕಾರು. ಮೌನಿ ನನ್ನ ಮುಖ ನೋಡಿ, "ಬಿಡಮ್ಮ, ನಾನು ತೆಗೀತೀನಿ" ಎಂದು ಬಾಗಿಲಿಗೆ ಕೈ ಹಾಕಿದರು.

ಕೊಟ್ಟುಬಿಡಬಹುದಿತ್ತು. ಆದರೆ ಕೊಟ್ಟಿದ್ದರೆ ನಾನು ಮತ್ತೆ ಟೇಪು ಅಂಟಿಸಲು ಹೋಗಬೇಕಾಗುತ್ತಿತ್ತು. ಅವರು ಕಳಿಸುತ್ತಿದ್ದರು ಎಂದಲ್ಲ, ನಾನೇ ಹೋಗುತ್ತಿದ್ದೆ. "ಬೇಡ ಅಣ್ಣ. ನೀವು ಹಿಂದೆ ನಿಂತು ದಾರಿ ಹೇಳಿ. ನಾನೇ ತೆಗೀತೀನಿ" ಎಂದೆ. ಅವರು ಬಾಗಿಲಿನಿಂದ ಕೈ ತೆಗೆದು ಹಿಂದಕ್ಕೆ ನಡೆದರು. ನಾನೇ ಹೋಗಿ ಬಸ್ಸಿನ ಡ್ರೈವರಿಗೂ ಕಾರಿನವರಿಗೂ ಮರಿಗಳು ಸಾಯುತ್ತಿವೆ ಎಂದು ಹೇಳಿದೆ. ಕಾರುಗಳು ಹಿಂದೆ ಸರಿದವು. ಬಸ್ಸಿನ ಡ್ರೈವರ್ ಪುಣ್ಯಾತ್ಮ, ಜನರನ್ನು ಇಳಿಸಿ, ಬಸ್ಸನ್ನೇ ಅಡ್ಡರಸ್ತೆಯಾಚೆಯವರೆಗೂ ಹಿಂದೆ ಒಯ್ದ.

ಹತ್ತಿ ಕೂತೆ. ಎಡ ಕನ್ನಡಿಯಲ್ಲಿ ಕಾಲುವೆ, ಬಲ ಕನ್ನಡಿಯಲ್ಲಿ ಗೋಡೆ, ನಡುವೆ ಮೌನಿಯ ಎತ್ತಿದ ಕೈ. ಬಸ್ಸಿನ ಜನವೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಬಾಯಿ ಇಲ್ಲದ ಮನುಷ್ಯ ಎಂದು ನಾನಂದುಕೊಂಡಿದ್ದ ಮೌನಿ ಊರಿಗೆಲ್ಲ ಕೇಳುವ ಹಾಗೆ "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದರು. ತಿರುವಿನಲ್ಲಿ ಹಿಂದಿನ ಚಕ್ರ ಕಾಣದಾಯಿತು. ನಿಲ್ಲಿಸಿದೆ. ಇಳಿದೆ. ಕಾಲುವೆಯ ಅಂಚಿಗೂ ಚಕ್ರಕ್ಕೂ ನಡುವೆ ನನ್ನ ಒಂದು ಗೇಣು. ಯಾರೋ, "ಅಯ್ಯೋ, ಆಯಮ್ಮನ ಕೈಲಿ ಆಗಲ್ಲ ಬಿಡಿ" ಎಂದರು. ಕೇಳಿಸಿತು, ತಲೆಗೆ ಹಾಕಿಕೊಳ್ಳಲಿಲ್ಲ. ಮತ್ತೆ ಹತ್ತಿ, ಸ್ವಲ್ಪ ಮುಂದಕ್ಕೆ ತಂದು ನೇರ ಮಾಡಿಕೊಂಡು, ಮತ್ತೆ ಹಿಂದಕ್ಕೆ. ಅಡ್ಡರಸ್ತೆ ದಾಟುವಷ್ಟು ಹಿಂದೆ ಬಂದು, ಮೂತಿ ತಿರುಗಿಸಿ, ಮುಂದಿನ ಚಕ್ರ ಅದರ ಮಣ್ಣಿಗೆ ಇಳಿದಾಗ ಸ್ಟೀರಿಂಗ್ ಮೆತ್ತಗಾದದ್ದು ಅಂಗೈಗೆ ತಿಳಿಯಿತು. ಬಸ್ಸಿನ ಜನ ಚಪ್ಪಾಳೆ ತಟ್ಟಿದರು. ನನಗೆ ನೋಡಲು ಪುರುಸೊತ್ತಿರಲಿಲ್ಲ, ಕಣ್ಣು ಬೇರೆ ಮಂಜಾಗಿತ್ತು. ಮೌನಿ ಓಡಿ ಬಂದು ಹತ್ತಿದರು. ಹೊರಟೆವು. ಲಾರಿ ವೇಗ ಹಿಡಿಯುತ್ತ ಪರದೆಗಳ ನಡುವೆ ಗಾಳಿ ನುಗ್ಗಿತು. ಕಿವಿಗೊಟ್ಟು ಕೇಳುತ್ತಿದ್ದೆ. ಮೊದಲು ಒಂದೆರಡು ಕಡೆ, ಆಮೇಲೆ ಎಲ್ಲ ಕಡೆಯಿಂದ ಚಿಲಿಪಿಲಿ ಏರಿತು. ಅಂಥ ಸದ್ದನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ಎಲ್ಲವೂ ಉಳಿದವು ಎಂದು ನಿಮಗೆ ಸುಳ್ಳು ಬರೆಯುವುದಿಲ್ಲ. ಕೆಳಗಿನ ಮೂಲೆಯ ಪೆಟ್ಟಿಗೆಗಳಲ್ಲಿ ಕೆಲವು ಹೋಗಿದ್ದವು. ಫಾರಮ್ಮಿನ ಯಜಮಾನರು ಅವನ್ನು ಪಕ್ಕಕ್ಕೆ ತೆಗೆದಿಡುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ. ಮೌನಿ ನೀರಿನ ಬಾಟಲಿ ನನ್ನ ಕೈಗಿಟ್ಟು, "ಉಳಿದದ್ದು ನೋಡಮ್ಮ" ಎಂದರು. ಬೆಚ್ಚನೆಯ ದೀಪದ ಕೆಳಗೆ, ಭತ್ತದ ಹೊಟ್ಟಿನ ಮೇಲೆ, ನೆಲ ಕಾಣದಷ್ಟು ಮರಿಗಳು ಓಡಾಡುತ್ತಿದ್ದವು. ಅಷ್ಟೂ ನನ್ನ ಬೆನ್ನ ಹಿಂದೆ ಬಂದಂಥವು.

ಹ್ಯಾಚರಿಗೆ ವಾಪಸ್ಸಾದ ಮೇಲೆ ಮ್ಯಾನೇಜರಮ್ಮ ಮೌನಿಯ ಮುಖ ನೋಡಿದರು. ಅವರು "ಹೂಂ" ಎಂದರು. ಅಷ್ಟೇ. ಆಮೇಲೆ ಏನೋ ನೆನಪಾದವರಂತೆ, "ಸೀಟಿನ ಮೆತ್ತೆ ಚೆನ್ನಾಗಿದೆ, ನನಗೂ ಒಂದು ಬೇಕು" ಎಂದರು. ಈಗ ನಿಮ್ಮ ಮಗನಿಗೂ ಹ್ಯಾಚರಿಯಿಂದ ಕೆಲಸ. ಡ್ರೈವರುಗಳ ಮೆತ್ತೆ ಹೊಲಿಯುತ್ತ ಕೂತಿದ್ದಾರೆ. ಅಡುಗೆಯನ್ನೂ ಕಲಿತಿದ್ದಾರೆ. ಉಪ್ಪು ಒಂದು ಕೈಗೆ ಸಿಕ್ಕಿಲ್ಲ, ಉಳಿದದ್ದೆಲ್ಲ ಬಂದಿದೆ.

ಇನ್ನೊಂದು ವಿಷಯ. ಕೆಲಸ ಸಿಕ್ಕ ವಾರವೇ, ನನ್ನನ್ನು ಮೊದಲು ವಾಪಸ್ ಕಳಿಸಿದ್ದ ಒಂದು ಆಫೀಸಿನವರು ಕರೆದರು. ದೊಡ್ಡ ಲಾರಿ, ದೂರದ ದಾರಿ, ಸಂಬಳವೂ ಜಾಸ್ತಿ. ಹೋದರೆ ವಾರಗಟ್ಟಲೆ ಮನೆ ಇಲ್ಲ. ಬೇಡ ಎಂದೆ. ಇವರು ಯಾಕೆ ಎಂದು ಕೇಳಿದಾಗ, ಮರಿಗಳು ಇಷ್ಟವಾದವು ಎಂದೆ. ಅದು ಪೂರ್ತಿ ನಿಜವಲ್ಲ. ಮಾವನವರು ಹಡಗಿನ ಕೆಲಸದಲ್ಲಿದ್ದ ಕಾಲದ ಮಾತು ನೀವು ಎಂದೂ ನನ್ನೆದುರು ಎತ್ತಿಲ್ಲ. ಆದರೆ ಹೊರಡುವ ದಿನ ಅಡುಗೆಮನೆಯಲ್ಲಿ ಮಗನಿಗೆ, "ನನ್ನ ವಯಸ್ಸೆಲ್ಲ ಒಬ್ಬರನ್ನ ಕಾಯೋದ್ರಲ್ಲೇ ಹೋಯ್ತು. ಇನ್ನೊಬ್ಬರನ್ನ ಕಾಯೋಕೆ ನನ್ನ ಕೈಲಾಗಲ್ಲ ಕಣೋ" ಎಂದದ್ದು ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿಸಿತ್ತು. ಇನ್ನೊಬ್ಬರು ಎಂದರೆ ನಾನು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿಯವರೆಗೆ ನಿಮಗೆ ನನ್ನ ಮೇಲೆ ಬರೀ ಸಿಟ್ಟು ಎಂದುಕೊಂಡಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ ಅತ್ತೆ. ಮರಿಗಳಿಗೆ ಬಿಸಿಲು ಆಗದು, ಹಾಗಾಗಿ ನಸುಕಿಗೇ ಹೊರಡುತ್ತೇನೆ. ಮಗಳು ಶಾಲೆಯಿಂದ ಬರುವಷ್ಟರಲ್ಲಿ, ತಡವಾದರೆ ದೀಪ ಹಚ್ಚುವಷ್ಟರಲ್ಲಿ, ಮನೆಯಲ್ಲಿರುತ್ತೇನೆ. ಪ್ರತಿದಿನ. ಲಾರಿಯವಳ ಮಾತು ಎಂದು ತಳ್ಳಿಹಾಕಬೇಡಿ.

ನಾದಿನಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳಿ. ನಿಮ್ಮ ಮೊಣಕಾಲು ಹೇಗಿದೆ ಎಂದು ಇವರು ಕೇಳುತ್ತಿದ್ದಾರೆ. ಮೊಮ್ಮಗಳು, "ಅಜ್ಜಿ ಬರಲಿಲ್ಲ ಅಂದ್ರೆ ನಾನು ಊಟ ಬಿಡ್ತೀನಿ ಅಂತ ಬರಿ" ಎಂದು ಹೇಳಿ ಈಗಷ್ಟೇ ಎರಡನೇ ಸಲ ಬಡಿಸಿಕೊಂಡು ತಿಂದು ಮಲಗಿದ್ದಾಳೆ.

ನಿಮ್ಮ ಸಿಟ್ಟಿಗೂ ಪ್ರೀತಿಗೂ ಸಮಪಾಲು ಬಾಧ್ಯಳಾದ,
ಸೊಸೆ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಹೋದ ಬುಧವಾರ ಮರಿ ಇಳಿಸಿ ಖಾಲಿ ಲಾರಿಯಲ್ಲಿ ಬರುವಾಗ ನಾದಿನಿಯ ಊರಿನ ಮೇಲೆಯೇ ಬಂದೆ. ಲಾರಿಯನ್ನು ದೂರದಲ್ಲಿ ನಿಲ್ಲಿಸಿ ನಿಮ್ಮ ಬೀದಿಯ ಮೂಲೆಯವರೆಗೂ ನಡೆದೆ. ನೀವು ಮೆಟ್ಟಿಲ ಮೇಲೆ ಕೂತು ಯಾವುದೋ ಅಂಗಿಗೆ ಗುಂಡಿ ಹಾಕುತ್ತಿದ್ದಿರಿ. ದೊಡ್ಡ ರಸ್ತೆಯಲ್ಲಿ ಬಸ್ಸು ಹೋಯಿತು, ನೀವು ತಲೆ ಎತ್ತಲಿಲ್ಲ. ಕಾರು ಹೋಯಿತು, ಎತ್ತಲಿಲ್ಲ. ಒಂದು ಲಾರಿ ಹೋಯಿತು. ಸೂಜಿ ಹಿಡಿದ ಕೈ ಹಾಗೇ ನಿಂತಿತು. ಅದು ಮರೆಯಾಗುವ ತನಕ ಕತ್ತು ನೀಡಿ, ಡ್ರೈವರ್ ಕೂರುವ ಕಡೆಯೇ ನೋಡಿದಿರಿ. ಇನ್ನೊಂದು ಬಂತು, ಅದಕ್ಕೂ ಹಾಗೇ. ನನ್ನ ಕಾಲು ಮುಂದೆ ಹೋಗಲಿಲ್ಲ ಅತ್ತೆ, ವಾಪಸ್ಸು ಓಡಿಬಿಟ್ಟೆ. ಈ ಬುಧವಾರವೂ ಅದೇ ದಾರಿ. ನಮ್ಮ ಲಾರಿಯ ಬಣ್ಣ ಹಳದಿ. ಅದು ಮುಂದೆ ಹೋಗುವುದಿಲ್ಲ, ನಿಮ್ಮ ಮೆಟ್ಟಿಲ ಮುಂದೆ ಬಂದು ನಿಲ್ಲುತ್ತದೆ. ಪಕ್ಕದ ಸೀಟು ಖಾಲಿ ಇರುತ್ತದೆ.